ಬೆಳ್ಳಿ ಬಣ್ಣದ ಡಬ್ಬಿ ಮತ್ತು ನನ್ನ 71 ಅರ್ಧಂಬರ್ಧ ಹಾಡುಗಳು

ಮೊದಲು ಒಂದು ಲೆಕ್ಕ ಒಪ್ಪಿಸಿಬಿಡ್ತೀನಿ. ಬಿಕಾಂ ಓದಿದವನ ಚಾಳಿ ಇದು, ಸಂಕಟ ಬಂದಾಗ ಎಕ್ಸೆಲ್ ತೆರೆಯೋದು.

ಹೋದ ತಿಂಗಳು ನನ್ನ ಲ್ಯಾಪ್‌ಟಾಪಿನಲ್ಲಿರೋ ಮ್ಯೂಸಿಕ್ ಫೋಲ್ಡರ್ ತೆರೆದು ಎಣಿಸಿದೆ. ಎರಡೂವರೆ ವರ್ಷದಲ್ಲಿ ಶುರು ಮಾಡಿದ ಹಾಡುಗಳು 71. ಮುಗಿಸಿದವು ಸೊನ್ನೆ. ಖರ್ಚಿನ ಕಡೆ ಒಂದು ಪುಟ್ಟ ಕೀಬೋರ್ಡು, ಆಡಿಯೊ ಇಂಟರ್‌ಫೇಸು, ಹೆಡ್‌ಫೋನು, ಮೂವತ್ತೇ ದಿನದಲ್ಲಿ ನಿಮ್ಮನ್ನ ಮ್ಯೂಸಿಕ್ ಪ್ರೊಡ್ಯೂಸರ್ ಮಾಡ್ತೀವಿ ಅಂದ ಒಂದು ಆನ್‌ಲೈನ್ ಕೋರ್ಸು. ಎಲ್ಲಾ ಸೇರಿ 46 ಸಾವಿರ ರೂಪಾಯಿ. ಆದಾಯದ ಕಾಲಂ ಖಾಲಿ.

ಆ 71 ಫೈಲುಗಳದ್ದೂ ಒಂದೇ ರೋಗ. ಎಂಟು ಬಾರ್ ಡ್ರಮ್, ಅದಕ್ಕೊಂದು ಬೇಸ್, ಮೇಲೊಂದು ಸಣ್ಣ ಟ್ಯೂನ್. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಅದು ಬರೀ 16 ಸೆಕೆಂಡ್. ಗಾಣದೆತ್ತಿನ ಹಾಗೆ ಸುತ್ತುತ್ತೆ. ಮೊದಲ ಹತ್ತು ಸುತ್ತಿಗೆ ನಾನೇ ಇಳಯರಾಜ. ನಲವತ್ತನೇ ಸುತ್ತಿಗೆ ಅದನ್ನ ಕೇಳೋಕೂ ಆಗಲ್ಲ. ಫೈಲ್ ಮುಚ್ಚು, ಹೊಸದು ತೆರೆ. ಹೊಸದಾಗಿ ಕಲಿಯೋರೆಲ್ಲ ಬೀಳೋ ಹಳ್ಳ ಇದು. ಬಿದ್ದಿದ್ದೀನಿ ಅಂತ ಗೊತ್ತಾದ್ರೂ ಏಳೋಕೆ ಆಗ್ತಿರಲಿಲ್ಲ ನೋಡಿ.

ಸರಿ, ಸಾಕು, ಕೀಬೋರ್ಡ್ ಮಾರಿಬಿಡೋಣ ಅಂತ ಕೂತೆ. ಸೆಕೆಂಡ್ ಹ್ಯಾಂಡ್ ಬೆಲೆ ಎಷ್ಟಿದೆ ಅಂತ ಹುಡುಕ್ತಾ ಹೋದಾಗ ಒಂದು ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ ಕಣ್ಣಿಗೆ ಬಿತ್ತು. ನಲವತ್ತು ವರ್ಷ ಹಳೇದು. ಬೆಲೆ ಲಕ್ಷಗಳಲ್ಲಿ. ಹೆಸರು ರೋಲ್ಯಾಂಡ್ ಟಿಬಿ-303.

ಇದರ ಕಥೆ ಶುರುವಾಗೋದು 1981ರಲ್ಲಿ, ಜಪಾನಿನಲ್ಲಿ. ರೋಲ್ಯಾಂಡ್ ಕಂಪನಿಯ ಎಂಜಿನಿಯರ್ ತದಾವೊ ಕಿಕುಮೊಟೊ ಇದನ್ನ ವಿನ್ಯಾಸ ಮಾಡಿದ್ದು ಒಬ್ಬಂಟಿ ಗಿಟಾರ್ ವಾದಕರಿಗೋಸ್ಕರ. ಮನೆಯಲ್ಲಿ ಅಭ್ಯಾಸ ಮಾಡುವಾಗ ಜೊತೆಗೆ ಬೇಸ್ ಗಿಟಾರ್ ನುಡಿಸೋರು ಯಾರೂ ಇಲ್ಲ ಅಲ್ವಾ, ಆ ಕೆಲಸ ಈ ಡಬ್ಬಿ ಮಾಡಲಿ ಅಂತ. ತಾಳಕ್ಕೆ ಟಿಆರ್-606 ಅನ್ನೋ ಅದರ ಜೋಡಿ ಯಂತ್ರ. ಬ್ಯಾಟರಿ ಹಾಕಿ ಎಲ್ಲಿಗೆ ಬೇಕಾದ್ರೂ ಒಯ್ಯಬಹುದಿತ್ತು.

ಒಂದೇ ತೊಂದರೆ. ಅದರ ಸದ್ದು ಬೇಸ್ ಗಿಟಾರಿನ ಹಾಗೆ ಇರಲೇ ಇಲ್ಲ. ರಬ್ಬರ್ ಎಳೆದ ಹಾಗೆ ಒಂದು ವಿಚಿತ್ರ ದನಿ. ಅದಕ್ಕೆ ಟ್ಯೂನ್ ಹೇಳಿಕೊಡೋದಂತೂ ದೊಡ್ಡ ಶಿಕ್ಷೆ. ಮೊದಲು ಸ್ವರಗಳನ್ನಷ್ಟೇ ಸಾಲಾಗಿ ಒತ್ತಬೇಕು, ಕಾಲದ ಲೆಕ್ಕ ಇಲ್ಲ. ಆಮೇಲೆ ಬೇರೆ ಮೋಡಿಗೆ ಹೋಗಿ ಯಾವ ಸ್ವರ ಎಲ್ಲಿ ಬರಬೇಕು, ಎಲ್ಲಿ ಎಳೀಬೇಕು, ಎಲ್ಲಿ ಸುಮ್ಮನಿರಬೇಕು ಅಂತ ಪ್ರತ್ಯೇಕವಾಗಿ ತುಂಬಬೇಕು. ಒಂದು ಹೆಜ್ಜೆ ತಪ್ಪಿದರೆ ಮುಂದಿನ ಸ್ವರಗಳೆಲ್ಲ ಜಾರಿ ಬೇರೆ ಜಾಗದಲ್ಲಿ ಕೂರ್ತವೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದೆ ರಾತ್ರಿಯಿಡೀ ಕೂತವರಿಗೆ ಈ ಸಂಕಟ ಅರ್ಥ ಆಗುತ್ತೆ.

ಗಿಟಾರ್ ವಾದಕರು ಕೊಳ್ಳಲಿಲ್ಲ. ಸುಮಾರು 10,000 ತಯಾರಿಸಿದ ಮೇಲೆ 1984ರಲ್ಲಿ ಕಂಪನಿ ಕೈ ತೊಳೆದುಕೊಳ್ತು. ಉಳಿದವು ಹಳೇ ಸಾಮಾನಿನ ಅಂಗಡಿಗಳಿಗೆ, ಕೇಳಿದ ಬೆಲೆಗೆ.

ಆದರೆ ಎಲ್ಲರೂ ಇದನ್ನ ಮೂಲೆಗೆ ಎಸೀತಿದ್ದ ಹೊತ್ತಲ್ಲೇ ಬೊಂಬಾಯಿಯಲ್ಲಿ ಒಬ್ಬರು ಇದರ ಮುಂದೆ ಕೂತಿದ್ರು. ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್, ಸ್ಟೀಲ್ ಗಿಟಾರ್, ಕೀಬೋರ್ಡ್ ಎಲ್ಲಾ ನುಡಿಸ್ತಿದ್ದ ವಾದಕ. ಆರ್.ಡಿ. ಬರ್ಮನ್ ಥರದವರ ರೆಕಾರ್ಡಿಂಗುಗಳಲ್ಲಿ ಅವರ ಕೈ ಇದೆ, ಪೋಸ್ಟರಿನ ಮೇಲೆ ಹೆಸರು ಇಲ್ಲ.

ಆ ಕಾಲ ನೆನಪಿಸಿಕೊಳ್ಳಿ. 1980ರಲ್ಲಿ 'ಕುರ್ಬಾನಿ' ಬಂದು ದೇಶಕ್ಕೇ ಡಿಸ್ಕೊ ಹುಚ್ಚು ಹಿಡಿದಿತ್ತು. ಅಂದ ಹಾಗೆ ಅದರಲ್ಲಿ ನಾಜಿಯಾ ಹಸನ್ ಹಾಡಿದ ಹಾಡನ್ನ ಮಾಡಿದ್ದು ಬಿದ್ದು, ನಮ್ಮ ಬೆಂಗಳೂರಲ್ಲಿ ಹುಟ್ಟಿ ಲಂಡನ್ ಸೇರಿದ ಕೊಡವ ಮನೆತನದ ಪ್ರೊಡ್ಯೂಸರ್. ಅವರದ್ದೇ ಒಂದು ಸಂಚಿಕೆ ಮಾಡಬೇಕು, ಇವತ್ತು ಬೇಡ.

ಎಲ್ಲರೂ ಡಿಸ್ಕೊ ಮಾಡ್ತಿದ್ದಾರೆ, ನಾನು ಬೇರೆ ಏನಾದ್ರೂ ಮಾಡೋಣ ಅಂದುಕೊಂಡರು ಸಿಂಗ್. ತಬಲಾ ಬಿಟ್ಟು, ಡಿಸ್ಕೊ ಬೀಟಿನ ಮೇಲೆ ನಮ್ಮ ರಾಗಗಳನ್ನ ನುಡಿಸಿದ್ರೆ ಹೇಗೆ? ಅವರ ಹತ್ತಿರ ಇದ್ದದ್ದು ಮೂರು ಯಂತ್ರ: ತಾಳಕ್ಕೆ ಟಿಆರ್-808, ಸ್ವರವಿಸ್ತಾರಕ್ಕೆ ಜುಪಿಟರ್-8 ಸಿಂಥಸೈಜರ್, ಕೆಳಗೆ ಓಡೋಕೆ ಈ ಬೆಳ್ಳಿ ಡಬ್ಬಿ. ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡೋ ಸಾಮಾನ್ಯ ಭಾಷೆ ಮಿಡಿ ಜನಕ್ಕೆ ಕಂಡಿದ್ದೇ 1983ರಲ್ಲಿ. ಇವರ ರೆಕಾರ್ಡ್ ಬಂದದ್ದು ಅದಕ್ಕೂ ಒಂದು ವರ್ಷ ಮುಂಚೆ, 'ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್' ಅನ್ನೋ ಹೆಸರಲ್ಲಿ. ಲಲಿತ್, ಮೇಘಮಲ್ಹಾರ್, ನಮ್ಮ ಮೋಹನಕ್ಕೆ ಹತ್ತಿರದ ಭೂಪಾಲಿ, ನಮ್ಮ ಹಿಂದೋಳದಂತಿರೋ ಮಾಲ್‌ಕೌಂಸ್, ಹೀಗೆ ಹತ್ತು. ಒಂದೊಂದು ಸುಮಾರು ಐದು ನಿಮಿಷ.

303ರಲ್ಲಿ ಸ್ಲೈಡ್ ಅಂತ ಒಂದು ಸೌಲಭ್ಯ ಇದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸೋದು. ಗಿಟಾರಿನವರಿಗೆ ಅದು ತಮಾಷೆ. ಮೀಂಡ್ ಕೇಳಿ ಬೆಳೆದ ಕಿವಿಗೆ ಅದು ಮನೆಮಾತು. ಇದು ನನ್ನ ಊಹೆ ಅಷ್ಟೇ, ಆದರೆ ಆ ರೆಕಾರ್ಡ್ ಕೇಳಿದಾಗೆಲ್ಲ ಹಾಗೇ ಅನ್ನಿಸುತ್ತೆ.

ರೆಕಾರ್ಡ್ ಓಡಲಿಲ್ಲ. ಯಾರೂ ಗಮನಿಸಲೂ ಇಲ್ಲ. ಸಿಂಗ್ ಮದುವೆ, ಸಮಾರಂಭಗಳಲ್ಲಿ ನುಡಿಸ್ತಾ ಮುಂದಕ್ಕೆ ಹೋದರು.

ಈಗ ಶಿಕಾಗೊ, ಎಂಬತ್ತರ ದಶಕದ ಮಧ್ಯ. ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ ಅನ್ನೋ ಮೂವರು ಕಪ್ಪು ಹುಡುಗರು ಸೆಕೆಂಡ್ ಹ್ಯಾಂಡಿನಲ್ಲಿ ಒಂದು 303 ತಂದರು. ಬಳಸೋದು ಹೇಗೆ ಅಂತ ಗೊತ್ತಿಲ್ಲ. ಒಳಗೆ ಆಗಲೇ ಏನೋ ಅಡ್ಡಾದಿಡ್ಡಿ ಸ್ವರಗಳ ಸಾಲು ಕೂತಿತ್ತು, ಅದನ್ನೇ ಓಡಿಸಿದರು. ಓಡ್ತಾ ಇರುವಾಗಲೇ ಪಿಯರ್ ತಿರುಪುಗಳಿಗೆ ಕೈ ಹಾಕಿದ. ಒಂದು ತಿರುಪು ಸದ್ದಿನ ಮೇಲ್ಭಾಗದ ಹೊಳಪನ್ನ ಎಷ್ಟು ಬಿಡಬೇಕು ಅಂತ ಹೇಳುತ್ತೆ, ಇನ್ನೊಂದು ಅದೇ ಅಂಚನ್ನ ಹರಿತ ಮಾಡುತ್ತೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಡಬ್ಬಿ ಗೊಣಗುತ್ತೆ, ಅಳುತ್ತೆ, ಕಿರುಚುತ್ತೆ.

ಟೇಪ್ ತಗೊಂಡು ಮ್ಯೂಸಿಕ್ ಬಾಕ್ಸ್ ಅನ್ನೋ ಕ್ಲಬ್ಬಿಗೆ ಹೋದರು. ಅಲ್ಲಿ ಡಿಜೆ ರಾನ್ ಹಾರ್ಡಿ. ಮುಂದಿನದ್ದು ಪಿಯರ್ ಸಂದರ್ಶನಗಳಲ್ಲಿ ಹೇಳಿಕೊಂಡಿರೋ ಕಥೆ. ಹಾರ್ಡಿ ಮೊದಲ ಸಲ ಹಾಕಿದಾಗ ಕುಣೀತಿದ್ದ ಜನ ಖಾಲಿ ಆದರಂತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದ. ಮತ್ತೆ ಹಾಕಿದ. ಆ ರಾತ್ರಿ ನಾಲ್ಕನೇ ಸಲ ಹಾಕಿದಾಗ ಜನ ಹುಚ್ಚೆದ್ದು ಕುಣಿದರಂತೆ. 1987ರಲ್ಲಿ ಮಾರ್ಷಲ್ ಜೆಫರ್ಸನ್ ಸಹಾಯದಿಂದ ಅದು 'ಆಸಿಡ್ ಟ್ರ್ಯಾಕ್ಸ್' ಅಂತ ಬಿಡುಗಡೆ ಆಯ್ತು, ತಂಡದ ಹೆಸರು ಫ್ಯೂಚರ್. ಆಸಿಡ್ ಹೌಸ್ ಅನ್ನೋ ಪ್ರಕಾರಕ್ಕೆ ಆ ಹೆಸರು ಅಂಟಿಕೊಂಡಿದ್ದೇ ಇಲ್ಲಿಂದ.

ಇಲ್ಲಿ ಒಂದು ಮಾತು ಹೇಳಲೇಬೇಕು. 2002ರಲ್ಲಿ ಎಡೊ ಬೌಮನ್ ಅನ್ನೋ ಡಚ್ ಸಂಗ್ರಾಹಕನಿಗೆ ಸಿಂಗ್ ಅವರ ರೆಕಾರ್ಡ್ ಸಿಕ್ಕಿ, 2010ರಲ್ಲಿ ಮರುಬಿಡುಗಡೆ ಆದ ಮೇಲೆ, ಆಸಿಡ್ ಹೌಸ್ ಕಂಡುಹಿಡಿದದ್ದೇ ಭಾರತೀಯ ಅಂತ ಎಲ್ಲಾ ಕಡೆ ಶೇರ್ ಆಯ್ತು. ನಾನೂ ಎದೆ ಉಬ್ಬಿಸಿ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು. ಶಿಕಾಗೊ ಹುಡುಗರು ಆ ರೆಕಾರ್ಡ್ ಕೇಳಿದ್ದರು ಅನ್ನೋದಕ್ಕೆ ಪುರಾವೆ ಇಲ್ಲ. ಒಂದೇ ಡಬ್ಬಿಯ ಮುಂದೆ ಎರಡು ಕಡೆ ಕೂತವರು, ಅಷ್ಟೇ. ಸಿಂಗ್ ಆ ಯಂತ್ರಕ್ಕೆ ಹೊಸಬರು, ಸಂಗೀತಕ್ಕಲ್ಲ. ಬೆನ್ನ ಹಿಂದೆ ವರ್ಷಗಟ್ಟಲೆ ಸ್ಟುಡಿಯೊ ದುಡಿಮೆ ಇತ್ತು. ಆ ಹುಡುಗರ ಹಿಂದೆ ಅದೂ ಇರಲಿಲ್ಲ, ಮುಂದೆ ಕುಣಿಯೋ ಜನ ಇದ್ದರು. ನನ್ನ ಕೋರ್ಸಿನ ಮೂವತ್ತು ದಿನದಲ್ಲಿ ಎರಡೂ ಇರಲಿಲ್ಲ.

ನನ್ನ ತಲೆ ತಿರುಗಿಸಿದ್ದು ಬೇರೆಯೇ ವಿಷಯ. 'ಆಸಿಡ್ ಟ್ರ್ಯಾಕ್ಸ್' ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿದೆ. ಹೆಚ್ಚುಕಡಿಮೆ ಹನ್ನೆರಡು ನಿಮಿಷ. ಅದೂ ಲೂಪೇ ಕಣ್ರೀ! ನನ್ನ 71ರ ಹಾಗೇ ಸುತ್ತುತ್ತೆ. ಸ್ವರಗಳ ಸಾಲು ಹೆಚ್ಚೇನೂ ಬದಲಾಗಲ್ಲ. ಬದಲಾಗೋದು ತಿರುಪು ಮಾತ್ರ, ಅದೂ ನಿಧಾನಕ್ಕೆ. ಸಿಂಗ್ ಅವರ ಮಾಲ್‌ಕೌಂಸ್ ಹಾಕಿದೆ. ಐದೇ ಸ್ವರ, ಕೆಳಗೆ ಒಂದೇ ಓಟ. ಐದು ನಿಮಿಷ ಅದರೊಳಗೇ ಓಡಾಡ್ತಾರೆ. ಇವರು ಯಾರೂ ನನ್ನ ಹಾಗೆ ಹದಿನಾರನೇ ಸೆಕೆಂಡಿಗೆ ಹೊಸ ಫೈಲ್ ತೆರೆದಿಲ್ಲ.

ಅವತ್ತು ರಾತ್ರಿ 23ನೇ ನಂಬರಿನ ಫೈಲ್ ತೆಗೆದೆ. ಲೂಪನ್ನ ಹಾಗೇ ಮೂರು ನಿಮಿಷದ ತನಕ ಎಳೆದು ಹಾಸಿದೆ, ಚೆನ್ನಾಗಿದೆಯೋ ಇಲ್ಲವೋ ನೋಡಲಿಲ್ಲ. ಆಮೇಲೆ ಶುರುವಿನಿಂದ ಕೊನೆ ತನಕ ಒಂದೇ ತಿರುಪು ಹಿಡಿದು ಕೂತೆ, ಒಂದೇ ಉಸಿರಿಗೆ ರೆಕಾರ್ಡ್ ಮಾಡಿದೆ. ಎಡವಟ್ಟಾದ ಕಡೆಯೂ ನಿಲ್ಲಿಸಲಿಲ್ಲ. ಮಾರನೇ ದಿನ ಎರಡು ಕಡೆ ಡ್ರಮ್ ತೆಗೆದೆ, ಒಂದು ಕಡೆ ಮಾಲ್‌ಕೌಂಸಿನ ಐದು ಸ್ವರ ಸೇರಿಸಿದೆ. ನಾಲ್ಕು ಸಂಜೆ ಆಯ್ತು. ಮೂರು ನಿಮಿಷ ಹತ್ತು ಸೆಕೆಂಡಿನ ಹಾಡು.

ಅಮ್ಮ ಚಿಕ್ಕಂದಿನಲ್ಲಿ ಸ್ವಲ್ಪ ಸಂಗೀತ ಕಲಿತವರು. ಕೇಳಿಸಿದೆ. ಪೂರ್ತಿ ಕೇಳಿ, "ಹಿಂದೋಳ ಅಲ್ವೇನೋ ಇದು? ಯಾಕೋ ಶೀತ ಆದವರು ಹಾಡಿದ ಹಾಗಿದೆ" ಅಂದ್ರು. ರಾಗ ಗೊತ್ತಾಯ್ತಲ್ಲ!

ಎಕ್ಸೆಲ್ಲಿನಲ್ಲಿ ಮುಗಿದವು ಅನ್ನೋ ಕಾಲಮ್ಮಿನಲ್ಲಿ ಈಗ 1 ಇದೆ. ಕೀಬೋರ್ಡ್ ಕೇಳ್ತಿದ್ದ ಗಿರಾಕಿಗೆ, ಸಾರಿ, ಕೊಡಲ್ಲ ಅಂತ ಮೆಸೇಜ್ ಹಾಕಿದ್ದೀನಿ. ಹೆಡ್‌ಫೋನ್ ಆದ್ರೂ ಕೊಡ್ತೀರಾ ಸರ್ ಅಂತ ಕೇಳಿದ್ದಾನೆ, ಇನ್ನೂ ಉತ್ತರ ಕೊಟ್ಟಿಲ್ಲ. ಈಗ ಹಿನ್ನೆಲೆಯಲ್ಲಿ ಕೇಳಿಸ್ತಿರೋದು ಅದೇ 23ನೇ ನಂಬರ್. ಮುಂದಿನ ವಾರ ಬಿದ್ದು ಅವರ ಕಥೆ ಹೇಳ್ತೀನಿ.