ಉದ್ಯಾನದ ತಾಳಜಾತಿಯ ಮರಗಳ ಗುರುತೂ ಕಾಲನಿರ್ಣಯವೂ

ಕೋಲಾರದ ಚಿನ್ನದ ಗಣಿಪ್ರದೇಶಕ್ಕೆ ಸೇರಿದ ಆಂಡರ್ಸನ್‌ಪೇಟೆಯ ಕೆಲವು ವಿದ್ಯಾರ್ಥಿಗಳೊಡನೆ ನಾವು ಒಮ್ಮೆ ಬೆಂಗಳೂರಿನ ಲಾಲ್‌ಬಾಗನ್ನು ನೋಡಲು ಹೋಗಿದ್ದೆವು. ಊರ ಸುತ್ತಿನ ಬಯಲಿನಲ್ಲಿ ಈಚಲನ್ನು ಕಂಡು ಬೆಳೆದಿದ್ದ ಅವರಿಗೆ ಅಲ್ಲಿಯ ತಾಳಜಾತಿಯ ಮರಗಳು ತೀರ ಹೊಸವಾಗಿ ತೋರಿದುವು. ನುಣುಪಾದ ಬೂದುಬಣ್ಣದ ಕಾಂಡವುಳ್ಳ ಎತ್ತರದ ಮರವೊಂದನ್ನು ತೋರಿಸಿ, ಇದು ಟಿಪ್ಪೂ ಸುಲ್ತಾನನು ನೆಡಿಸಿದ್ದೇ ಎಂದು ಒಬ್ಬನು ಕೇಳಿದನು. ಮರದ ಎತ್ತರವನ್ನು ನೋಡಿ ಹೌದೆಂದು ಉತ್ತರವಿತ್ತೆವು. ಆ ಉತ್ತರಕ್ಕೆ ಯಾವ ಆಧಾರವೂ ಇರಲಿಲ್ಲವೆಂಬುದು ಅನಂತರ ನಮಗೆ ಮನವರಿಕೆಯಾಯಿತು. ಈ ಕಿರುಲೇಖನವು ಆ ತಪ್ಪಿನ ತಿದ್ದುಪಡಿ.

ಮೊದಲನೆಯದಾಗಿ, ಎತ್ತರವಾಗಲಿ ದಪ್ಪವಾಗಲಿ ಈ ಜಾತಿಯ ಮರದ ವಯಸ್ಸಿಗೆ ಸಾಕ್ಷಿಯಾಗಲಾರದು. ತೇಗದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುವಂತೆ ಇವುಗಳಲ್ಲಿ ಮೂಡುವುದಿಲ್ಲ. ಆದುದರಿಂದ ಮರವು ಯಾವ ಜಾತಿಯದು, ಅದರ ತವರು ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಬಳಿಕ ದಾಖಲೆಗಳ ಕಡೆಗೆ ತಿರುಗಬೇಕು.

ಗುರುತಿಸುವ ಕ್ರಮವು ಕಷ್ಟವಾದುದಲ್ಲ. ತೆಂಗು, ಅಡಿಕೆ, ಈಚಲುಗಳ ಎಲೆ ಹಕ್ಕಿಯ ಗರಿಯಂತೆ ನಡುದಂಟಿನ ಎರಡು ಕಡೆಗೂ ಸೀಳಿರುತ್ತದೆ. ತಾಳೆ, ಶ್ರೀತಾಳೆಗಳದು ಬೀಸಣಿಗೆಯಂತೆ ಹರಡಿರುತ್ತದೆ. ಬೈನೆಯ ಎಲೆ ಮಾತ್ರ ಎರಡು ಸಲ ಸೀಳಿದ್ದು, ಅದರ ಕಿರುಎಲೆಗಳು ಮೀನಿನ ಬಾಲವನ್ನು ಹೋಲುತ್ತವೆ. ಈಚಲಿನ ಕಿರುಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಿಸಿಕೊಂಡಿದ್ದು, ಎಲೆಯ ಬುಡದ ಕಡೆಯವು ಮುಳ್ಳುಗಳಾಗಿ ಮಾರ್ಪಟ್ಟಿರುತ್ತವೆ. ತೆಂಗಿನದು ಕೆಳಮುಖವಾಗಿ ಮಡಿಸಿರುತ್ತದೆ. ಅಡಿಕೆಯಲ್ಲಿ ಹಾಳೆಗಳು ಒಂದರೊಳಗೊಂದು ಸುತ್ತಿಕೊಂಡು ಕಾಂಡದ ತುದಿಯಲ್ಲಿ ಹಸುರು ಕಂಬದಂತೆ ನಿಲ್ಲುತ್ತವೆ, ತೆಂಗಿನಲ್ಲಿ ಹಾಗಿಲ್ಲ. ತಾಳೆಯಲ್ಲಿ ಗಂಡು ಹೆಣ್ಣು ಮರಗಳು ಬೇರೆಬೇರೆ. ಶ್ರೀತಾಳೆಯಾದರೋ ಹಲವು ದಶಕಗಳ ಬಾಳಿನಲ್ಲಿ ಒಂದೇ ಸಲ ನೆತ್ತಿಯ ಮೇಲೆ ಹೂಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುತ್ತದೆ. ನಮ್ಮ ಓಲೆಗ್ರಂಥಗಳಿಗೆ ಈ ಎರಡರ ಗರಿಗಳೂ ಬಳಕೆಯಾಗಿದ್ದುದರಿಂದ ಇವುಗಳ ಭೇದವನ್ನು ಇತಿಹಾಸದ ವಿದ್ಯಾರ್ಥಿಯು ಅರಿತಿರುವುದು ಆವಶ್ಯಕ.

ಈಗ ಆ ವಿದ್ಯಾರ್ಥಿಯು ತೋರಿಸಿದ ಮರವನ್ನು ಪರಿಶೀಲಿಸೋಣ. ಗರಿಯಂತಹ ಎಲೆ, ಅಡಿಕೆಯಲ್ಲಿರುವಂತೆ ಹಾಳೆಗಳ ಹಸುರು ಕಂಬ, ಅದರ ಕೆಳಗೆ ಹೊಂಬಾಳೆ, ನಡುವೆ ಉಬ್ಬಿದ ಕಾಂಡ, ಒಂದೇ ಸಾಲಿನಲ್ಲಿರದೆ ಹಲವು ದಿಕ್ಕಿಗೆ ಚಾಚಿದ ಕಿರುಎಲೆಗಳು. ಇವೆಲ್ಲ ಕೂಡಿದರೆ ಅದು ಕ್ಯೂಬಾ ಮತ್ತು ಅದರ ನೆರೆಯ ನಾಡುಗಳ ರಾಯಲ್ ಪಾಮ್ ಎಂಬುದು ಸ್ಪಷ್ಟವಾಗುತ್ತದೆ. ಕುಂತ್ ಎಂಬ ಸಸ್ಯವಿಜ್ಞಾನಿಯು 1816ರಲ್ಲಿ ಇದಕ್ಕೆ ಓರಿಯೊಡಾಕ್ಸ ರೀಜಿಯ ಎಂದು ಹೆಸರಿಟ್ಟನು. 1900ರಲ್ಲಿ ಕುಕ್ ಎಂಬಾತನು ಅಮೆರಿಕದ ಸೇನಾಧಿಕಾರಿ ರಾಯ್ ಸ್ಟೋನನ ನೆನಪಿಗಾಗಿ ಅದನ್ನು ರಾಯ್‌ಸ್ಟೋನಿಯ ಎಂದು ಬದಲಿಸಿದನು.

ಈ ಹೆಸರಿನ ಬದಲಾವಣೆಯು ಸಂಶೋಧಕನಿಗೆ ಮುಖ್ಯವಾದುದು. 1760ರಲ್ಲಿ ಹೈದರಾಲಿಯು ಆರಂಭಿಸಿದ ಲಾಲ್‌ಬಾಗು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರ ವರೆಗೆ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನನು ಅಲ್ಲಿಯ ಸಸ್ಯಗಳ ಪಟ್ಟಿಯನ್ನು ಪ್ರಕಟಿಸಿದನು. ಅದರ ಎರಡನೆಯ ಮುದ್ರಣದ ವರ್ಷ 1891. ಅಂತಹ ಪಟ್ಟಿಯಲ್ಲಿ ರಾಯ್‌ಸ್ಟೋನಿಯ ಎಂಬ ಹೆಸರನ್ನು ಹುಡುಕಿ, ಅದು ಕಾಣದಿರಲು ಮರವೇ ಇರಲಿಲ್ಲವೆಂದು ತೀರ್ಮಾನಿಸುವುದು ಪ್ರಮಾದ. ಆ ಹೆಸರೇ ಆಗ ಹುಟ್ಟಿರಲಿಲ್ಲ. ಇದಕ್ಕೆ ಪ್ರತಿಯಾಗಿ, ಹೆಸರು ಒಂದೇ ಎಂದು ಮರವೂ ಒಂದೇ ಎಂದು ಭಾವಿಸುವುದೂ ಪ್ರಮಾದವೇ. ಮನೆಯಂಗಳಗಳಲ್ಲಿ ಅರೆಕ ಪಾಮ್ ಎಂದು ಬೆಳೆಸುವ ಗಿಡವು ನಮ್ಮ ಅಡಿಕೆಯಲ್ಲ, ಮಡಗಾಸ್ಕರಿನಿಂದ ಬಂದ ಬೇರೆ ಸಸ್ಯ. ಸೈಕಸ್ಸನ್ನು ಸಾಗೋ ಪಾಮ್ ಎಂದು ಕರೆದರೂ ಅದು ಈ ವರ್ಗಕ್ಕೇ ಸೇರಿದುದಲ್ಲ.

ಕೆಲವೆಡೆ ಮರದ ಜಾತಿಯೇ ಕಾಲದ ಮೇಲ್ಮಿತಿಯನ್ನು ನಿಶ್ಚಯಿಸಿಕೊಡುತ್ತದೆ. ನರಿಯ ಬಾಲದಂತಹ ಗರಿಯುಳ್ಳ ಫಾಕ್ಸ್‌ಟೇಲ್ ಪಾಮ್ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನದು. ಅದಕ್ಕೆ ವೊಡ್ಯೇಶಿಯ ಎಂಬ ಶಾಸ್ತ್ರೀಯ ನಾಮ ದೊರೆತುದು 1983ರಲ್ಲಿ. ಹೊರಜಗತ್ತಿಗೆ ಅದು ಪರಿಚಿತವಾದುದೂ ಅದಕ್ಕೆ ಕೆಲವೇ ವರ್ಷ ಮೊದಲು. ಅದು ನಿಂತಿರುವ ಸಾಲನ್ನು ಮಹಾರಾಜರ ಕಾಲದ್ದೆಂದು ಯಾರೂ ಹೇಳಲಾಗದು. ರಾಯಲ್ ಪಾಮಿನ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳುವಂತಿಲ್ಲ. ಹೆಸರಿಡುವ ಮೊದಲೂ ಗಿಡವೊಂದು ಸಮುದ್ರ ದಾಟಿರಬಹುದು. ಆದರೂ 1799ರಲ್ಲಿ ಮಡಿದ ಟಿಪ್ಪುವು ಅದನ್ನು ನೆಡಿಸಿದನೆನ್ನುವವರು ದಾಖಲೆಯನ್ನು ತೋರಿಸಬೇಕು. ಅದು ದೊರೆಯುವವರೆಗೆ ಅದನ್ನು 1856ರ ಅನಂತರದ ಸಸ್ಯೋದ್ಯಾನದ ಕಾಲಕ್ಕೆ ಸೇರಿಸುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಆ ವಿದ್ಯಾರ್ಥಿಗೆ ನಾವು ಅಂದು ಕೊಡಬೇಕಾಗಿದ್ದ ಉತ್ತರ ಇದು.

ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗಳ ಹೆಸರುಗಳು ಆಂಗ್ಲರ ಗಣಿಯುಗದ ಗುರುತನ್ನು ಇಂದಿಗೂ ಹೊತ್ತಿವೆ. ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಇಂತಹ ಊರುಗಳಲ್ಲಿ ಹಳೆಯ ತೋಟವೊಂದು ಉಳಿದಿದ್ದರೆ, ಅದರ ಮರಗಳ ಜಾತಿ, ಸ್ಥಾನ, ಸಾಲು, ಸ್ಥಳೀಯ ಹೆಸರುಗಳನ್ನು ವಿದ್ಯಾರ್ಥಿಗಳು ಬರೆದಿಡಬೇಕು. ಶಿಲಾಶಾಸನವು ಬಿದ್ದರೂ ಕಲ್ಲು ಉಳಿಯುತ್ತದೆ. ಮರವು ಬಿದ್ದರೆ ಮರುವರ್ಷ ಅದರ ಬುಡವೂ ಸಿಕ್ಕುವುದಿಲ್ಲ.