ವಿಂಡೋಸ್ ಸ್ಟೆಡಿಸ್ಟೇಟ್

ಗ್ರಂಥಾಲಯ, ಶಾಲೆ, ಸೈಬರ್ ಕೆಫೆಗಳಲ್ಲಿ ಹಲವರು ಬಳಸುವ ಕಂಪ್ಯೂಟರುಗಳಿಗಾಗಿ ಮೈಕ್ರೋಸಾಫ್ಟ್ ಉಚಿತವಾಗಿ ಒದಗಿಸಿದ್ದ ತಂತ್ರಾಂಶ. 2005ರಲ್ಲಿ ವಿಂಡೋಸ್ ಎಕ್ಸ್‌ಪಿಗೆಂದು ಬಂದ ‘ಶೇರ್ಡ್ ಕಂಪ್ಯೂಟರ್ ಟೂಲ್‌ಕಿಟ್’ 2007ರಲ್ಲಿ ಈ ಹೆಸರು ಪಡೆಯಿತು. ಮುಂದೆ ವಿಸ್ಟಾಕ್ಕೂ ಒದಗಿತು.

ಮೇಲ್ವಿಚಾರಕರು ಪ್ರತಿ ಬಳಕೆದಾರ ಖಾತೆಗೂ ಬೇರೆ ಬೇರೆ ಮಿತಿ ಹಾಕಬಹುದಿತ್ತು: ಕಂಟ್ರೋಲ್ ಪ್ಯಾನೆಲ್ ಮತ್ತು ಡ್ರೈವ್‌ಗಳನ್ನು ಮರೆಮಾಡುವುದು, ಆಯ್ದ ಪ್ರೋಗ್ರಾಂಗಳನ್ನು ತಡೆಯುವುದು, ಗೊತ್ತಾದ ಅವಧಿ ಮುಗಿದೊಡನೆ ಲಾಗ್‌ಆಫ್ ಮಾಡಿಸುವುದು. ಇದರ ನಿಜವಾದ ಹೆಚ್ಚುಗಾರಿಕೆ ಇದ್ದದ್ದು ‘ವಿಂಡೋಸ್ ಡಿಸ್ಕ್ ಪ್ರೊಟೆಕ್ಷನ್’ನಲ್ಲಿ. ಬಳಕೆದಾರರು ಮಾಡಿದ ಬದಲಾವಣೆಗಳು ವಿಂಡೋಸ್ ಇರುವ ಡಿಸ್ಕ್ ವಿಭಾಗಕ್ಕೆ ನೇರವಾಗಿ ಸೇರುತ್ತಿರಲಿಲ್ಲ. ಅವು ಪ್ರತ್ಯೇಕ ಕ್ಯಾಷ್ ಕಡತದಲ್ಲಿ ಉಳಿದು, ಯಂತ್ರ ರೀಸ್ಟಾರ್ಟ್ ಆದಾಗ ಅಳಿಯುವಂತೆ ಮಾಡಬಹುದಿತ್ತು. ಒಬ್ಬರು ಉಳಿಸಿಹೋದ ಕಡತ, ಬದಲಿಸಿದ ಸೆಟ್ಟಿಂಗ್, ಅನೇಕ ವೇಳೆ ಹೊಕ್ಕಿದ್ದ ವೈರಸ್ ಕೂಡ ಹೀಗೆ ಮರೆಯಾಗುತ್ತಿದ್ದವು. ಭದ್ರತಾ ಅಪ್‌ಡೇಟ್‌ಗಳು ಮಾತ್ರ ಅಳಿಯದೆ ಉಳಿಯಲು ಬೇರೆಯೇ ಏರ್ಪಾಡಿತ್ತು. ಅದಿಲ್ಲದಿದ್ದರೆ ಈ ರಕ್ಷಣೆಯೇ ಅಪಾಯವಾಗುತ್ತಿತ್ತು.

ವಿಂಡೋಸ್ 7ಕ್ಕೆ ಇದು ಬರಲಿಲ್ಲ. 2010ರ ಕೊನೆಗೆ ಡೌನ್‌ಲೋಡ್, 2011ರ ಜೂನ್ 30ಕ್ಕೆ ಬೆಂಬಲ ನಿಂತವು. ಬದಲಿಗೆ ಗ್ರೂಪ್ ಪಾಲಿಸಿ, ಮ್ಯಾಂಡೇಟರಿ ಪ್ರೊಫೈಲ್ ಮುಂತಾದವನ್ನು ಹೊಂದಿಸಿಕೊಳ್ಳುವಂತೆ ಮೈಕ್ರೋಸಾಫ್ಟ್ ಮಾರ್ಗದರ್ಶಿ ಹೊರಡಿಸಿತು. ತಂತ್ರಜ್ಞರಿಲ್ಲದ ಸಣ್ಣ ಗ್ರಂಥಾಲಯಗಳಿಗೆ ಅದು ಸುಲಭದ ಕೆಲಸವಾಗಿರಲಿಲ್ಲ.