ಎರಡು ರೂಟ್‌ಗಳ ನಡುವೆ: ಪರ್ಯಾಯ ಡೊಮೇನ್ ವ್ಯವಸ್ಥೆಗಳ ವಿಶ್ವಾಸಾರ್ಹತೆ ಮತ್ತು ಅಂಕೋಲೆಯ ಒಂದು ಹಳೆಯ ನಿದರ್ಶನ

ಭೂಮಿ ತಂತ್ರಾಂಶದ ಜಾಲತಾಣದಲ್ಲಿ ಪಹಣಿ ನೋಡಬೇಕಾದರೆ ಕಾರವಾರದ ಕಂಪ್ಯೂಟರ್ ಮೊದಲು ಆ ತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಳ್ಳಬೇಕು. ಅದಕ್ಕಾಗಿ ಹೆಸರನ್ನು ಹಿಂದಿನಿಂದ ಓದಲಾಗುತ್ತದೆ. ಕೊನೆಯ ‘ಇನ್’ ಯಾರ ಸುಪರ್ದಿಯಲ್ಲಿದೆ ಎಂದು ರೂಟ್ ಸರ್ವರ್ ತಿಳಿಸುತ್ತದೆ. ಮುಂದಿನ ದಾರಿಯನ್ನು ಅವರು ತೋರಿಸುತ್ತಾರೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಈ ಏರ್ಪಾಡಿನಲ್ಲಿ ‘ಎ’ಯಿಂದ ‘ಎಂ’ವರೆಗೆ 13 ಹೆಸರಿನ ರೂಟ್ ಸರ್ವರ್‌ಗಳಿವೆ. ಅವನ್ನು 12 ಸಂಸ್ಥೆಗಳು ನಡೆಸುತ್ತವೆ. ಇವುಗಳನ್ನೇ ಕೇಳಬೇಕೆಂಬ ಕಟ್ಟಳೆ ತಂತ್ರಜ್ಞಾನದಲ್ಲಿಲ್ಲ. ಹೆಸರಿಗೆ ವಿಳಾಸ ಹುಡುಕಿಕೊಡುವ ರಿಸಾಲ್ವರ್ ಎಂಬ ಸರ್ವರ್ ನಡೆಸುವವರು ಅದರ ಪಟ್ಟಿಯಲ್ಲಿ ಬೇರೆ ವಿಳಾಸ ಬರೆದರೆ ಸಾಕು, ರೂಟ್ ಬೇರೆಯಾಯಿತು.

ಈ ಸಡಿಲಿಕೆ ಮೊದಲು ಬಯಲಾದದ್ದು 1997ರಲ್ಲಿ. ಆಲ್ಟರ್‌ನಿಕ್ ಎಂಬ ಪರ್ಯಾಯ ರೂಟ್ ನಡೆಸುತ್ತಿದ್ದ ಯೂಜೀನ್ ಕಾಶ್ಪುರೆಫ್ ಆ ಜುಲೈನಲ್ಲಿ, ಹೆಸರು ನೋಂದಣಿಯ ಏಕಸ್ವಾಮ್ಯ ಹೊಂದಿದ್ದ ಇಂಟರ್‌ನಿಕ್‌ಗೆ ಬರುವವರನ್ನು ತನ್ನ ತಾಣಕ್ಕೆ ತಿರುಗಿಸಿದ. ಏಕಸ್ವಾಮ್ಯದ ಬಗ್ಗೆ ಅವನ ತಕರಾರು ಸುಳ್ಳಲ್ಲ. ಆದರೆ ಕೇಳಿದವರಿಗೆ ತಪ್ಪು ಉತ್ತರ ಕೊಟ್ಟು ಅದನ್ನು ಸಾಬೀತುಪಡಿಸಲು ಹೊರಟವನ ರೂಟನ್ನು ನಂಬುವುದು ಹೇಗೆ? ಮರುವರ್ಷ ಜನವರಿ 28ರಂದು ಜಾಲದ ಹೆಸರು, ವಿಳಾಸಗಳ ಹಂಚಿಕೆ ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ ಸ್ವತಃ ಎಂಟು ರೂಟ್ ಸರ್ವರ್‌ಗಳ ನಿರ್ವಾಹಕರಿಗೆ ಮಿಂಚಂಚೆ ಬರೆದು, ಇನ್ನು ಮುಂದೆ ತನ್ನ ಯಂತ್ರದಿಂದ ಪಟ್ಟಿ ಪಡೆಯಿರಿ ಎಂದರು. ಅವರು ಮರುಮಾತಿಲ್ಲದೆ ಪಡೆದರು. ಅಮೆರಿಕ ಸರ್ಕಾರದ ಒತ್ತಡಕ್ಕೆ ಮಣಿದು ಪೋಸ್ಟೆಲ್ ಅದನ್ನು ಹಿಂದೆಗೆದುಕೊಂಡರೂ, ರೂಟಿನ ಅಧಿಕಾರ ನಿಂತಿರುವುದು ಕೇಳುವವರ ಒಪ್ಪಿಗೆಯ ಮೇಲೆ ಎಂಬುದು ಅಷ್ಟರಲ್ಲಿ ಜಾಹೀರಾಗಿತ್ತು.

ಇಂಥದ್ದೇ ಒಂದು ಪ್ರಸಂಗ ಅಂಕೋಲೆಯ ಚರಿತ್ರೆಯಲ್ಲಿದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಅದರ ಬೆನ್ನಿಗೆ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ತೆರಿಗೆ ಕಟ್ಟದವರ ಹೊಲಗದ್ದೆಗಳು ಜಪ್ತಾಗಿ ಹರಾಜಾದವು. ಕಂದಾಯ ಇಲಾಖೆಯ ಕಡತದಲ್ಲಿ ಹೊಸ ಮಾಲೀಕನ ಹೆಸರು ಬಂತು, ಊರು ಮಾತ್ರ ಅದನ್ನು ಒಪ್ಪಲಿಲ್ಲ. ಹರಾಜಿನಲ್ಲಿ ಕೊಂಡವರಿಗೆ ಸಾಮಾಜಿಕ ಬಹಿಷ್ಕಾರ ಕಾದಿತ್ತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಮೀನುಗಳು ಮೂಲ ಒಡೆಯರಿಗೆ ಮರಳಿದವು. ಅಲ್ಲಿಯವರೆಗೆ ಒಂದೇ ಗದ್ದೆಗೆ ಎರಡು ದಾಖಲೆ: ಒಂದು ಕಚೇರಿಯದು, ಇನ್ನೊಂದು ಊರಿನದು. ಗೆದ್ದದ್ದು ಊರಿನದು.

ಹಾಗಾದರೆ ಪರ್ಯಾಯ ರೂಟ್‌ಗಳೇಕೆ ಗೆಲ್ಲಲಿಲ್ಲ? ನನ್ನ ಪ್ರಕಾರ, ಊರಿನ ದಾಖಲೆಗೆ ಹೊಣೆಗಾರರಿದ್ದರು; ಯಾರ ಗದ್ದೆಯನ್ನು ಯಾರು ಕೊಂಡರೆಂಬುದು ಎಲ್ಲರಿಗೂ ಗೊತ್ತಿತ್ತು. ಜಾಲದಲ್ಲಿ ಉತ್ತರಿಸಿದವರು ಯಾರೆಂಬುದು ಕೇಳಿದವನಿಗೇ ಕಾಣುವುದಿಲ್ಲ. ಅಂಕೋಲೆಯ ಮೊಬೈಲ್ ಬಳಕೆದಾರರಿಗೆ ರಿಸಾಲ್ವರ್ ಆರಿಸಿ ಕೊಡುವುದು ಸಾಮಾನ್ಯವಾಗಿ ಸಿಮ್ ಕಂಪನಿ.

2001ರಲ್ಲಿ ಶುರುವಾದ ನ್ಯೂ.ನೆಟ್ ಪ್ರಸಂಗ ಇದಕ್ಕೆ ಸಾಕ್ಷಿ. ಅದು ‘ಶಾಪ್’ನಂಥ ಕೊನೆಗಳುಳ್ಳ ಹೆಸರುಗಳನ್ನು ಹಣಕ್ಕೆ ಮಾರಿತು. ಅದರ ಪ್ಲಗ್‌ಇನ್ ಹಾಕಿಕೊಂಡವರಿಗೆ ಅಥವಾ ಅದರೊಡನೆ ಒಪ್ಪಂದವಿದ್ದ ಇಂಟರ್ನೆಟ್ ಕಂಪನಿಗಳ ಗ್ರಾಹಕರಿಗೆ ಮಾತ್ರ ಆ ಹೆಸರುಗಳು ತೆರೆಯುತ್ತಿದ್ದವು. ಒಳಗಡೆ ಅವು ‘ಶಾಪ್.ನ್ಯೂ.ನೆಟ್’ ಎಂಬಂಥ ಮಾಮೂಲಿ ಉಪಹೆಸರುಗಳೇ. ಅದೇ ಹೊತ್ತಿಗೆ ಅಧಿಕೃತ ರೂಟಿನ ಹೊಣೆ ಹೊತ್ತ ಐಕ್ಯಾನ್ ಸಂಸ್ಥೆ ‘ಬಿಜ್’ ಅನ್ನು ಅಧಿಕೃತವಾಗಿ ತೆರೆಯಿತು. ಪರ್ಯಾಯ ರೂಟ್‌ನಲ್ಲಿ ಮೊದಲೇ ಬೇರೊಂದು ‘ಬಿಜ್’ ಇತ್ತು! ಒಂದೇ ಹೆಸರು, ಎರಡು ಮನೆ. ಇಂಥ ಘರ್ಷಣೆ ಬಂದೇ ಬರುತ್ತದೆಂದು 2000ದ ಮೇ ತಿಂಗಳಲ್ಲೇ ಜಾಲದ ತಾಂತ್ರಿಕ ದಸ್ತಾವೇಜಾದ ಆರ್‌ಎಫ್‌ಸಿ 2826 ಎಚ್ಚರಿಸಿತ್ತು.

ಯಾರ ಕೈಗೂ ಸಿಗದ ಪಟ್ಟಿ ಮಾಡಿದರಾಯಿತು ಎಂದವರೂ ಇದ್ದರು. 2011ರ ನೇಮ್‌ಕಾಯಿನ್ ‘ಬಿಟ್’ ಹೆಸರುಗಳನ್ನು ಬ್ಲಾಕ್‌ಚೈನ್‌ನಲ್ಲಿ ಇರಿಸಿತು. ಕುತಂತ್ರಾಂಶ ಹರಡುವವರು ಅಲ್ಲಿ ನೆಲೆಯೂರಿದಾಗ ತೆಗೆದುಹಾಕಬಲ್ಲವರೇ ಇರಲಿಲ್ಲ. 2019ರಲ್ಲಿ ಓಪನ್‌ನಿಕ್ ಎಂಬ ಇನ್ನೊಂದು ಪರ್ಯಾಯ ರೂಟ್ ಅದರ ಸಂಬಂಧ ಕಡಿದುಕೊಂಡಿತು. ಮೇಲಾಗಿ, ಅಧಿಕೃತ ರೂಟ್‌ಗೆ 2010ರ ಜುಲೈ 15ರಿಂದ ಡಿಜಿಟಲ್ ಸಹಿಯಿದೆ. ಅದರಲ್ಲಿಲ್ಲದ ಹೆಸರು ‘ಇಲ್ಲ’ ಎಂಬುದಕ್ಕೂ ಆ ಸಹಿಯೇ ಪುರಾವೆ. ಅಂಥ ಹೆಸರಿಗೆ ಬ್ರೌಸರ್‌ಗಳು ಒಪ್ಪುವ ಪ್ರಮಾಣಪತ್ರವೂ ಸಿಗುವುದಿಲ್ಲ.

ಅಧಿಕೃತ ರೂಟನ್ನು ಹಾಗೆಂದು ಪೂಜಿಸಬೇಕಿಲ್ಲ. 2016ರ ಅಕ್ಟೋಬರ್ 1ರವರೆಗೆ ಅದು ಒಂದೇ ದೇಶದ ಉಸ್ತುವಾರಿಯಲ್ಲಿತ್ತು. ಇಂಗ್ಲಿಷೇತರ ಲಿಪಿಗಳ ಕೊನೆಹೆಸರು ಅದರಲ್ಲಿ ಮೊದಲು ಕಾಣಿಸಿಕೊಂಡದ್ದು 2010ರ ಮೇ ತಿಂಗಳಲ್ಲಿ, ಅರಬಿಯಲ್ಲಿ. ದೇವನಾಗರಿಯ ‘ಭಾರತ’ 2014ರಲ್ಲಿ ಬಳಕೆಗೆ ಬಂತು. ಕನ್ನಡ ಲಿಪಿಯದು ಮೊದಲ ತಂಡದಲ್ಲಿರದೆ ನಂತರ ಸೇರಿತು. ಅಷ್ಟು ವರ್ಷ ಕಾಯಿಸಿದ್ದು ಪರ್ಯಾಯದವರಿಗೆ ದೊರೆತ ಅತ್ಯಂತ ನ್ಯಾಯವಾದ ವಾದ. ಆದರೆ 2022ರಲ್ಲಿ ರಷ್ಯಾದ ‘ಆರ್‌ಯು’ ತೆಗೆಯಿರೆಂದು ಯುದ್ಧದಲ್ಲಿದ್ದ ಉಕ್ರೇನ್ ಕೇಳಿದಾಗ ಐಕ್ಯಾನ್ ಒಪ್ಪಲಿಲ್ಲ. ಉಸ್ತುವಾರಿ ಕಳಚಿದ ಮೇಲಿನ ಕಠಿಣ ಪರೀಕ್ಷೆ ಅದು.

ಭಾರತೀಯ ಲಿಪಿಗಳ ವಿಷಯದಲ್ಲಿ ಒಂದು ತಾಂತ್ರಿಕ ತೊಡಕೂ ಇತ್ತು. ಕೊಂಕಣಿಯನ್ನು ಕನ್ನಡ, ದೇವನಾಗರಿ ಎರಡರಲ್ಲೂ ಬರೆಯುವ ಕಾರವಾರದಂಥ ಕಡೆ ಒಂದೇ ಅಂಗಡಿಗೆ ಎರಡು ಲಿಪಿಗಳ ಹೆಸರು ಬೇಕಾಗಬಹುದು. ಅವು ಕಣ್ಣಿಗೆ ಬೇರೆ ಬೇರೆ, ಮೋಸದ ಭಯ ಕಡಿಮೆ. ತೆಲುಗಿನ ವಿಷಯ ಹಾಗಲ್ಲ: ‘ಅಂಕೋಲಾ’ದ ಅಕಾರ, ಅನುಸ್ವಾರಗಳು ತೆಲುಗಿನಲ್ಲೂ ಬಹುತೇಕ ಹಾಗೆಯೇ ಕಾಣುತ್ತವೆ, ಯೂನಿಕೋಡ್ ಸಂಖ್ಯೆ ಬೇರೆ. ಕನ್ನಡ–ತೆಲುಗು ತದ್ರೂಪಗಳನ್ನು ನವಬ್ರಾಹ್ಮಿ ಲಿಪಿಗಳ ತಜ್ಞರ ಮಂಡಳಿ ಅಕ್ಷರ ಅಕ್ಷರವಾಗಿ ಪಟ್ಟಿಮಾಡಿ, ಒಂದು ಕೊನೆಹೆಸರು ಒಬ್ಬರಿಗೆ ಕೊಟ್ಟರೆ ಅದರ ತದ್ರೂಪ ಇನ್ನೊಬ್ಬರಿಗೆ ಹೋಗದಂತೆ ಅಧಿಕೃತ ರೂಟಿಗೆ ನಿಯಮ ಬರೆಯಿತು. ಆ ನಿಯಮ ಪರ್ಯಾಯ ರೂಟ್‌ಗಳನ್ನು ಕಟ್ಟಿಹಾಕುವುದಿಲ್ಲ.